ಎಂಜಿನ್ನಿಗೆ ನೀರು ಕುಡಿಸುವ ಸರಿಯಾದ ವಿಧಾನ

ಎಂಜಿನ್ನಿನೊಳಗೆ ನೀರು ಹೋದರೆ ಕಾರು ಕೆಡುತ್ತದೆ ಎಂಬುದು ಅರ್ಧ ಸತ್ಯ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ಬಡಾವಣೆಗಳಿಗೆ ನೀರು ನುಗ್ಗಿ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆ ವಾರ ನನ್ನ ಅಕ್ಕನ ಮಗನ ಕಾರಿನ ಎಂಜಿನ್ನಿಗೂ ನೀರು ಹೋಯಿತು. ನೀರು ಗಾಳಿಯ ಹಾಗೆ ಅದುಮಿಸಿಕೊಳ್ಳುವ ಜಾತಿಯದಲ್ಲ. ಪಿಸ್ಟನ್ ಮೇಲೆ ಬಂತು, ನೀರು ಜಾಗ ಬಿಡಲಿಲ್ಲ, ನಡುವೆ ಸಿಕ್ಕ ಕನೆಕ್ಟಿಂಗ್ ರಾಡ್ ಬಾಗಿತು. ವಿಮೆಯವರು ಎರಡು ಸಾಲಿನ ಪತ್ರ ಬರೆದು ಕೈತೊಳೆದುಕೊಂಡರು. ಹುಡುಗ ಹೊಸ ಟರ್ಬೊ ಪೆಟ್ರೋಲ್ ಕಾರು ಕೊಂಡ. ಕೊಂಡ ವರ್ಷದೊಳಗೆ ಅದರ ಎಂಜಿನ್ನಿಗೆ ತಾನೇ ದುಡ್ಡು ಕೊಟ್ಟು ನೀರು ಹಾಕಿಸಿದ. ಎರಡೂ ನೀರೇ. ಮೊದಲನೆಯದು ಪುಕ್ಕಟೆ ಬಂದಿತ್ತು, ಹಾಗಾಗಿ ಅದಕ್ಕೆ ತಂತ್ರಜ್ಞಾನ ಎಂಬ ಹೆಸರು ಬರಲಿಲ್ಲ.

ಈ ಕಾಮಗಾರಿಗೆ ತಾಂತ್ರಿಕ ಸಲಹೆಗಾರ ನಾನು. ಮನೆಯ ಯುಪಿಎಸ್ ಬ್ಯಾಟರಿಗೆ ಇಪ್ಪತ್ತು ವರ್ಷದಿಂದ ಡಿಸ್ಟಿಲ್ಡ್ ವಾಟರ್ ಹಾಕುತ್ತಿರುವ ಅನುಭವ ನನ್ನದು.

ಮೊದಲು ಮಾಡಬೇಕಾದದ್ದು ಸಮಸ್ಯೆಯ ಅಳವಡಿಕೆ. ಶೋರೂಮಿನಿಂದ ಬಂದ ಕಾರಿಗೆ ಈ ನೀರು ಬೇಕಿರುವುದಿಲ್ಲ. ಅದೇ ಅದರ ದೊಡ್ಡ ಕೊರತೆ. ಆದ್ದರಿಂದ ಲ್ಯಾಪ್‌ಟಾಪ್ ಹಿಡಿದು ಬರುವ ಹುಡುಗನೊಬ್ಬನನ್ನು ಕರೆಸಿ ಎಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಬೇಕು. ಆಗ ಟರ್ಬೊ, ಕಂಪನಿಯವರು ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ಗಾಳಿಯನ್ನು ಸಿಲಿಂಡರಿಗೆ ತುರುಕುತ್ತದೆ. ಅದುಮಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಇಂಟರ್‌ಕೂಲರ್ ಕೈಲಾದಷ್ಟು ತಣಿಸಿ ಸುಮ್ಮನಾಗುತ್ತದೆ. ಒಳಗೆ ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಬೆಂಕಿ ತನ್ನ ಬಳಿ ಬರುವ ತನಕ ಕಾಯದೆ, ಮೂಲೆಯಲ್ಲಿದ್ದ ಪೆಟ್ರೋಲು ತಾನೇ ಸಿಡಿಯುತ್ತದೆ, ಬಡಿಸುವವನು ಬರುವ ಮೊದಲೇ ಎಲೆಗೆ ಕೈ ಹಾಕಿದವರ ಹಾಗೆ. ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಡಬ್ಬಿಯಲ್ಲಿ ಗೋಲಿ ಹಾಕಿ ಅಲುಗಿಸಿದ ಸದ್ದು. ಬಿಟ್ಟರೆ ಪಿಸ್ಟನ್ ತೂತಾಗುತ್ತದೆ. ಕಾರಿನಲ್ಲೇ ಇರುವ ನಾಕ್ ಸೆನ್ಸರ್ ಈ ಸದ್ದು ಕೇಳಿದೊಡನೆ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಕಂಪ್ಯೂಟರು ಕಿಡಿಯ ಹೊತ್ತನ್ನು ತಡಮಾಡಿ, ದುಡ್ಡು ಕೊಟ್ಟು ಏರಿಸಿದ ಶಕ್ತಿಯನ್ನು ಪುಕ್ಕಟೆಯಾಗಿ ಇಳಿಸಿಬಿಡುತ್ತದೆ. ಈಗ ನಿಮ್ಮ ಬಳಿ ಒಂದು ನಿಜವಾದ ಸಮಸ್ಯೆ ಇದೆ. ಮುಂದುವರಿಯಬಹುದು.

ಪರಿಹಾರದ ಹಿಂದಿನ ವಿಜ್ಞಾನ ನಮ್ಮಜ್ಜಿಯ ಮಣ್ಣಿನ ಹೂಜಿಯದೇ. ನೀರು ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಒಂದು ಕಿಲೊ ನೀರು ಆವಿಯಾಗಲು ಸುಮಾರು 2,257 ಕಿಲೊಜೂಲ್ ಶಾಖ ಬೇಕು, ಜೊತೆಗೆ ಬೆರೆಸುವ ಮೆಥನಾಲ್ ಎಂಬ ಮದ್ಯಸಾರಕ್ಕೆ ಅದರ ಅರ್ಧ ಸಾಕು. ಮೆಥನಾಲ್ ತಾನೂ ಉರಿಯುತ್ತದೆ, ಸುಲಭಕ್ಕೆ ನಾಕಿಂಗ್ ಮಾಡುವುದಿಲ್ಲ. ಎರಡನ್ನೂ ಸಮಸಮ ಬೆರೆಸಿ ಗಾಳಿದಾರಿಯಲ್ಲಿ ಮಂಜಿನ ಹಾಗೆ ಚಿಮ್ಮಿಸಿದರೆ ಎಂಜಿನ್ ತಣ್ಣಗಾಗಿ ಸುಮ್ಮನಿರುತ್ತದೆ. ಹೂಜಿಗೆ ನೂರಿನ್ನೂರು ರೂಪಾಯಿ. ಇದಕ್ಕೆ ಲಕ್ಷದ ಹತ್ತಿರ.

ವಿದ್ಯೆ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಮೆಸ್ಸರ್‌ಶ್ಮಿಟ್ 109 ವಿಮಾನಕ್ಕೆ ಅರ್ಧ ಮೆಥನಾಲ್, ಅರ್ಧ ನೀರು, ತುಕ್ಕು ಹಿಡಿಯದಿರಲು ತೊಟ್ಟು ಎಣ್ಣೆ ಬೆರೆಸಿ ಕುಡಿಸುತ್ತಿದ್ದರು. ಶತ್ರು ಬೆನ್ನು ಹತ್ತಿದಾಗ ಬಳಸಬೇಕು, ಒಮ್ಮೆಗೆ ಹತ್ತು ನಿಮಿಷ ಮೀರಬಾರದು ಎಂಬ ನಿಯಮವಿತ್ತು. ನನ್ನ ಸೋದರಳಿಯನ ಬೆನ್ನು ಹತ್ತುವವು ಹೆಚ್ಚಾಗಿ ನೀರಿನ ಟ್ಯಾಂಕರುಗಳು.

ಆದರೆ ಈ ಕ್ಷೇತ್ರದಲ್ಲಿ ನಾನು ಕೈಮುಗಿಯುವುದು 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಮಾರಾಟಕ್ಕೆ ಬಿಟ್ಟ ಜೆಟ್‌ಫೈರ್ ಕಾರಿಗೆ. 3.5 ಲೀಟರಿನ ಎಂಟು ಸಿಲಿಂಡರ್, 215 ಅಶ್ವಶಕ್ತಿ. ಟರ್ಬೊ ಇದ್ದರೆ ಕಂಪ್ರೆಷನ್ ಕಡಿಮೆ ಇಡಬೇಕು ಎಂಬ ಮಾತಿಗೆ ಸೊಪ್ಪು ಹಾಕದೆ ಅವರು 10.25ಕ್ಕೆ 1 ಇಟ್ಟರು. ನಾಕಿಂಗ್ ತಡೆಯಲು ಡಿಸ್ಟಿಲ್ಡ್ ವಾಟರ್ ಮತ್ತು ಮೆಥನಾಲ್ ಬೆರೆಸಿ, ಆ ಬೆರಕೆಗೆ ‘ಟರ್ಬೊ-ರಾಕೆಟ್ ಫ್ಲೂಯಿಡ್’ ಎಂದು ಹೆಸರಿಟ್ಟರು. ಅರ್ಧ ನೀರಿಗೆ ಇಂಥ ಹೆಸರನ್ನು ನಮ್ಮ ಹಾಲಿನವನೂ ಇಟ್ಟಿಲ್ಲ. ಡಬ್ಬಿ ಖಾಲಿಯಾದರೆ ಟರ್ಬೊದ ಒತ್ತಡವನ್ನು ಕಾರು ತಾನೇ ಕುಗ್ಗಿಸಿಕೊಳ್ಳುವ ಏರ್ಪಾಡೂ ಇತ್ತು. ಎಲ್ಲ ಸರಿಯಿತ್ತು, ಮಾಲೀಕರ ಹೊರತು. ಅವರಲ್ಲಿ ಬಹಳ ಮಂದಿ ಡಬ್ಬಿ ತುಂಬಿಸಲೇ ಇಲ್ಲ. ಖಾಲಿ ಡಬ್ಬಿ ಇಟ್ಟುಕೊಂಡು, ಕಾರು ಎಳೆಯುತ್ತಿಲ್ಲ ಎಂದು ದೂರಿದರು. 1963ಕ್ಕೆ ಮಾದರಿಯೇ ನಿಂತಿತು. ಆಮೇಲೆ ಕಂಪನಿಯೇ ಟರ್ಬೊ ಬಿಚ್ಚಿ ಸಾದಾ ಕಾರ್ಬೊರೇಟರ್ ಕೂರಿಸಿಕೊಡಲು ಮುಂದಾಯಿತು. ಮನುಷ್ಯ ಪೆಟ್ರೋಲು ಹಾಕಿಸುವುದನ್ನು ನೆನಪಿಡುತ್ತಾನೆ. ಎರಡನೇ ಡಬ್ಬಿ ಕೊಟ್ಟರೆ ಮರೆಯುತ್ತಾನೆ. ಇದನ್ನು ಯಾವ ಸೆನ್ಸರೂ ಸರಿಪಡಿಸಿಲ್ಲ.

ಮೆಥನಾಲ್ ಕೊಳ್ಳುವಾಗ ಅಂಗಡಿಯವರು ಹೆಸರು, ವಿಳಾಸ, ಉದ್ದೇಶ ಕೇಳುತ್ತಾರೆ. ಕೇಳಲೇಬೇಕು: 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿಯಲ್ಲಿ ಇದೇ ಬೆರೆತು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಎರಡು ಚಮಚದಷ್ಟು ಒಳಗೆ ಹೋದರೂ ಕಣ್ಣು ಹೋಗಬಹುದು. ಉರಿದರೆ ಹಗಲಿನಲ್ಲಿ ಜ್ವಾಲೆ ಕಾಣುವುದಿಲ್ಲ. ಉದ್ದೇಶದ ಕಾಲಮಿನಲ್ಲಿ ಹುಡುಗ ‘ಕಾರಿಗೆ’ ಎಂದು ಬರೆದ. ಅಂಗಡಿಯವರು ಕನ್ನಡಕ ಇಳಿಸಿ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಇವರು ನಮ್ಮ ಮಾಮ, ಸಲಹೆಗಾರರು” ಎಂದ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ನೀರು ಚಿಮ್ಮಿಸುವ ಕಿಟ್ಟಿನ ಪೆಟ್ಟಿಗೆ ಬಿಚ್ಚಿದಾಗ ಮೆಕ್ಯಾನಿಕ್ ಪಂಪನ್ನು ಕೈಯಲ್ಲಿ ತಿರುಗಿಸಿ, “ಸಾರ್, ಇದು ಆರ್‌ಓ ಫಿಲ್ಟರ್ ಪಂಪ್ ಅಲ್ವಾ?” ಎಂದ. ಅಲ್ಲ. ಅದರ ದಾಯಾದಿ. ಅದೇ ಡಯಾಫ್ರಾಮ್, ಅದೇ ಸಣ್ಣ ಪ್ಲಾಸ್ಟಿಕ್ ಪೈಪು, ಒತ್ತಡ ಮಾತ್ರ ಹೆಚ್ಚು, ಬೆಲೆ ಇನ್ನೂ ಹೆಚ್ಚು. ನೀರಿಗೆ ಬೇರೆ ಡಬ್ಬಿ ಯಾಕೆ, ವೈಪರ್ ಟ್ಯಾಂಕ್ ಇದೆಯಲ್ಲ ಎಂಬುದು ನನ್ನ ಸಲಹೆ. ಹೊರದೇಶದಲ್ಲಿ ಹಾಗೆ ಮಾಡುವವರಿದ್ದಾರೆ. ಆದರೆ ಹೊರದೇಶದ ವೈಪರ್ ಟ್ಯಾಂಕಿಗೆ ನನ್ನ ಅಕ್ಕ ಶಾಂಪೂ ಪೊಟ್ಟಣ ಕತ್ತರಿಸಿ ಹಾಕಿರುವುದಿಲ್ಲ. ನೊರೆ ಇಳಿಯಲು ಎರಡು ದಿನ ಹಿಡಿಯಿತು. ಆಮೇಲೆ ಡಿಕ್ಕಿಯಲ್ಲಿ ಐದು ಲೀಟರಿನ ತೊಟ್ಟಿ ಕೂರಿಸಿದೆವು. 2016ರಲ್ಲಿ ಬಿಎಂಡಬ್ಲ್ಯೂದವರು ನೀರು ಚಿಮ್ಮಿಸುವ ಎಂ4 ಜಿಟಿಎಸ್ ಎಂಬ 500 ಅಶ್ವಶಕ್ತಿಯ ಕಾರಿಗೂ ಐದೇ ಲೀಟರ್ ಇಟ್ಟಿದ್ದರು. ನಾವು ಅವರಿಗಿಂತ ಕಡಿಮೆಯಾಗಬಾರದು.

ತೊಟ್ಟಿ, ನೀರು ಚಿಮ್ಮಿಸುವ ನಾಝಲ್‌ಗಿಂತ ಎತ್ತರದಲ್ಲಿರಬಾರದು. ಇದ್ದರೆ ಪಂಪು ನಿಂತರೂ ನೀರು ತಾನಾಗಿ ಇಳಿಯುತ್ತಿರುತ್ತದೆ, ಬೆಳಿಗ್ಗೆ ಕೀಲಿ ತಿರುಗಿಸಿದಾಗ ಮತ್ತೆ 2022ರ ಸೆಪ್ಟೆಂಬರ್. ಅದಕ್ಕೇ ನಾಝಲ್ ಪಕ್ಕದಲ್ಲಿ, ಪಂಪು ನಿಂತೊಡನೆ ದಾರಿ ಮುಚ್ಚುವ ಸೊಲೆನಾಯ್ಡ್ ವಾಲ್ವ್ ಕಡ್ಡಾಯ. ನಾಝಲ್ ಇಂಟರ್‌ಕೂಲರ್ ದಾಟಿದ ಮೇಲೆ, ಥ್ರಾಟಲ್‌ಗಿಂತ ಮುಂಚೆ. ಅದರ ತೂತು ಸೂಜಿಮೊನೆಯಷ್ಟು. ಬೋರ್‌ವೆಲ್ ನೀರು ಹಾಕಿದರೆ ಗೀಸರಿಗೆ ಆದ ಗತಿಯೇ ಅದಕ್ಕೂ. ಕಂಟ್ರೋಲರನ್ನು ಅರ್ಧ ಬಾರ್ ಟರ್ಬೊ ಒತ್ತಡಕ್ಕೆ ಶುರುವಾಗಿ ಒಂದು ಬಾರ್‌ಗೆ ಪೂರ್ತಿ ಸುರಿಯುವಂತೆ ಇಟ್ಟೆವು. ನೀರು ಬರದಿದ್ದರೆ ಟರ್ಬೊ ಒತ್ತಡವನ್ನು ಇಳಿಸುವ ಸೆನ್ಸರ್ ಬೇರೆ ಖರ್ಚು. ಅದನ್ನು ಬಿಡಬೇಡಿ ಎಂದು ಜೆಟ್‌ಫೈರ್ ಮಾಲೀಕರ ಪರವಾಗಿ ಹೇಳುತ್ತಿದ್ದೇನೆ.

ಕಾನೂನಿನ ವಿಷಯ. 2024ರ ಮಾರ್ಚಿನಲ್ಲಿ ನೀರಿಗೆ ಬರ ಬಂದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಆದೇಶಿಸಿತು. ಎಂಜಿನ್ನಿನ ಒಳಗೆ ಸುರಿಯುವುದರ ಬಗ್ಗೆ ಆದೇಶ ಮೌನವಾಗಿದೆ. ಆ ಕೊರತೆಯನ್ನು ಮೋಟಾರು ವಾಹನ ಕಾಯ್ದೆ ತುಂಬಿಕೊಟ್ಟಿದೆ: ಕಂಪನಿ ಕೊಟ್ಟ ವಾಹನವನ್ನು ಅನುಮತಿಯಿಲ್ಲದೆ ಮಾರ್ಪಡಿಸಿದರೆ ಪ್ರತಿ ಮಾರ್ಪಾಡಿಗೆ 5,000. ತೊಟ್ಟಿ, ಪಂಪು, ವಾಲ್ವ್, ನಾಝಲ್ ಸೇರಿ ಒಂದು ಮಾರ್ಪಾಡೋ ನಾಲ್ಕೋ ಎಂದು ಹುಡುಗ ಕೇಳಿದ. ಅಧಿಕಾರಿಗಳನ್ನು ಕೇಳೋಣ ಎಂದೆ. ಬೇಡ ಮಾಮ ಎಂದ. ಈ ಸಲ ವಿಮೆಯವರಿಗೂ ನಾವು ಪತ್ರ ಬರೆದಿಲ್ಲ.

ಫಲಿತಾಂಶ. ಅವನ ಆಫೀಸು ಹನ್ನೊಂದು ಕಿಲೋಮೀಟರ್ ದೂರ, ಹೊರ ವರ್ತುಲ ರಸ್ತೆಯಲ್ಲಿ. ಪಂಪು ಶುರುವಾಗಬೇಕಾದರೆ ಟರ್ಬೊ ಅರ್ಧ ಬಾರ್ ಮುಟ್ಟಬೇಕು. ಟರ್ಬೊ ಮುಟ್ಟಬೇಕಾದರೆ ಆಕ್ಸಿಲರೇಟರ್ ಒತ್ತಬೇಕು. ಒತ್ತಬೇಕಾದರೆ ಮುಂದಿನ ಟ್ಯಾಂಕರ್ ಸರಿಯಬೇಕು. ಅಳವಡಿಸಿ ಏಳು ತಿಂಗಳಾಯಿತು. ತೊಟ್ಟಿಯಲ್ಲಿ ಐದು ಲೀಟರಿಗೆ ಐದೂ ಲೀಟರ್ ಇದೆ, ಡಿಕ್ಕಿಯಲ್ಲಿ ಹೋಗಿ ಬಂದು ಮಾಡುತ್ತಿದೆ. ಎಂಜಿನ್ ಒಮ್ಮೆಯೂ ನಾಕ್ ಮಾಡಿಲ್ಲ.

ಬೆರೆಸದೆ ಉಳಿದಿದ್ದ ಡಿಸ್ಟಿಲ್ಡ್ ವಾಟರನ್ನು ಯುಪಿಎಸ್ ಬ್ಯಾಟರಿಗೆ ಹಾಕಿದ್ದೇನೆ. ಈ ಪ್ರಯೋಗ ಮಾಡುವವರಲ್ಲಿ ಒಂದೇ ವಿನಂತಿ: ಬೆರೆಸಿದ ಕ್ಯಾನು, ಬೆರೆಸದ ಕ್ಯಾನು ಎರಡನ್ನೂ ಒಂದೇ ಬಣ್ಣದ್ದು ಇಡಬೇಡಿ, ಅಡುಗೆಮನೆಯಲ್ಲಂತೂ ಇಡಲೇಬೇಡಿ.