ಎಸ್‌ಜಿಒಟಿ ಅವರಿಗೊಂದು ಬಹಿರಂಗ ಪತ್ರ

ಶ್ರೀಯುತ ಎಸ್‌ಜಿಒಟಿ ಅವರಿಗೆ,

ಉಭಯ ಕುಶಲೋಪರಿ. ಕುಶಲ ನಮ್ಮ ಕಡೆ ಅಷ್ಟಕ್ಕಷ್ಟೆ. ಮೊನ್ನೆ ಚಿಕ್ಕಪ್ಪನ ಲಿವರ್ ರಿಪೋರ್ಟಿನಲ್ಲಿ ಕಿಣ್ವವಾದ ತಾವು ದಪ್ಪಕ್ಷರದಲ್ಲಿ ದರ್ಶನ ಕೊಟ್ಟಿರಿ: 58. ಪಕ್ಕದಲ್ಲಿ 40ರ ಮಿತಿ, ಮೇಲಕ್ಕೆ ಬಾಣ. ಅಷ್ಟಕ್ಕೇ ಮನೆಮಂದಿಯೆಲ್ಲ ಲಿವರ್ ತಜ್ಞರಾದರು. ಸ್ಟೆಂಟ್ ಹಾಕಿಸಿಕೊಂಡ ಮನುಷ್ಯನ ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆ, ಲಿವರಿಗೆ ಕೆಡುಕೆಂದು, ಅಂದೇ ರಾತ್ರಿ ನಿಂತಿತು. ಬೆಳಿಗ್ಗೆ ನೆಲನೆಲ್ಲಿ ಕಷಾಯ ಶುರುವಾಯಿತು.

ತಮ್ಮ ಪೂರ್ವಾಶ್ರಮ ಯಾರಿಗೂ ನೆನಪಿಲ್ಲ. ತಾವು ಹೆಸರು ಮಾಡಿದ್ದೇ ಹೃದಯದ ಖಾತೆಯಲ್ಲಿ. 1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ರೋಬ್ಲೆವ್‌ಸ್ಕಿ, ಕಾರ್ಮೆನ್ ಎಂಬ ಮೂವರು, ಹೃದಯಾಘಾತವಾದವರ ರಕ್ತದಲ್ಲಿ ತಾವು ಏರುವುದನ್ನು ತೋರಿಸಿಕೊಟ್ಟರು. ಹೃದಯದ ಸ್ನಾಯು ಸತ್ತರೆ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಸೋರಿ, ಒಂದೆರಡು ದಿನ ಮೆರೆದು, ವಾರದೊಳಗೆ ಇಳಿಯುತ್ತಿದ್ದಿರಿ. ಆಮೇಲೆ ಹೃದಯಾಘಾತ ಹಿಡಿಯುವ ಆ ಕೆಲಸಕ್ಕೆ ಸಿಪಿಕೆ-ಎಂಬಿ ಬಂತು, ಟ್ರೋಪೋನಿನ್ ಬಂತು. ತಮ್ಮನ್ನು ಲಿವರ್ ಇಲಾಖೆಗೆ ಎತ್ತಂಗಡಿ ಮಾಡಿದರು.

ಹಳೆಯ ನಂಟನ್ನಂತೂ ತಾವು ಬಿಟ್ಟಿಲ್ಲ. ಹೃದಯದ ಬಲಭಾಗ ಸೋತು ರಕ್ತ ಹಿಂದೆ ನಿಂತರೆ ಲಿವರ್ ಊದಿಕೊಳ್ಳುತ್ತದೆ. ಆಗ ಹೆಚ್ಚಾಗಿ ತಲೆಯೆತ್ತುವವರು ಅದೇ ರಿಪೋರ್ಟಿನ ಜಿಜಿಟಿ, ಆಲ್ಕಲೈನ್ ಫಾಸ್ಫಟೇಸ್, ಬಿಲಿರುಬಿನ್. ಬಿಪಿ ಕುಸಿದು ಲಿವರಿಗೆ ರಕ್ತವೇ ಸಾಲದಾದರೆ ತಾವೂ ಜೊತೆಗಾರ ಎಸ್‌ಜಿಪಿಟಿಯೂ ಸಾವಿರಗಟ್ಟಲೆ ಏರುತ್ತೀರಿ. ಹೃದಯ ಚೇತರಿಸಿಕೊಂಡರೆ ಕೆಲವೇ ದಿನಗಳಲ್ಲಿ ಸರಸರ ಇಳಿಯುತ್ತೀರಿ. ಅಷ್ಟರಲ್ಲಿ ಯಾರೋ ಲಿವರ್ ಟಾನಿಕ್ ಕುಡಿಸಿರುತ್ತಾರೆ, ಕೀರ್ತಿ ಅದಕ್ಕೆ.

ಇನ್ನು ಸ್ಟ್ಯಾಟಿನ್ ವಿಚಾರ. ಅದರಿಂದ ತಾವು ಮಿತಿಯ ಮೂರು ಪಟ್ಟು ದಾಟುವುದು ನೂರರಲ್ಲಿ ಒಬ್ಬರಿಗೋ ಏನೋ. ಮಾತ್ರೆ ಶುರು ಮಾಡುವ ಮುನ್ನ ಒಮ್ಮೆ ನೋಡಿ, ಆಮೇಲೆ ತೊಂದರೆಯ ಲಕ್ಷಣ ಕಂಡರೆ ನೋಡಿ, ಪದೇ ಪದೇ ಪರೀಕ್ಷೆ ಬೇಡ ಎಂದು ಅಮೆರಿಕದ ಎಫ್‌ಡಿಎ 2012ರಲ್ಲೇ ಹೇಳಿತು. ನಮ್ಮ 58 ಒಂದೂವರೆ ಪಟ್ಟೂ ಆಗುವುದಿಲ್ಲ. ಅದೂ ಅಲ್ಲದೆ, ರಕ್ತ ಕೊಡುವ ಮುನ್ನಾದಿನ ಚಿಕ್ಕಪ್ಪ ಬೇಡವೆಂದರೂ ಕೇಳದೆ ತೆಂಗಿನ ಸಸಿಗೆ ಗುಂಡಿ ತೋಡಿದ್ದರು. ಕೈಕಾಲಿನ ಸ್ನಾಯುಗಳಲ್ಲೂ ತಮ್ಮ ವಾಸವಿದೆಯಲ್ಲ!

ಆದ್ದರಿಂದ ವಿನಂತಿ ಇಷ್ಟೆ: ಇನ್ನು ಮುಂದೆ ರಿಪೋರ್ಟಿಗೆ ಬರುವಾಗ ಎಲ್ಲಿಂದ ಬಂದಿರಿ ಎಂಬ ವಿಳಾಸ ಬರೆದುಕೊಂಡು ಬನ್ನಿ. ಹೃದಯದ ಡಾಕ್ಟರ ಅಪಾಯಿಂಟ್‌ಮೆಂಟ್ ಸೋಮವಾರಕ್ಕಿದೆ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಿಕೊಂಡೇ ಇರಬಾರದು, ಮೊದಲು ಅವರಿಗೊಂದು ಫೋನ್ ಮಾಡಿ ಎಂದು ಚಿಕ್ಕಮ್ಮನಿಗೆ ಯಾರಾದರೂ ಹೇಳಬೇಕು. ನನ್ನ ಮಾತು ಅಲ್ಲಿ ನಡೆಯುವುದಿಲ್ಲ. ದಪ್ಪಕ್ಷರದಲ್ಲಿ ಬರುವವರು ತಾವೇ ಹೇಳಿ.

ಇಂತಿ ತಮ್ಮ ವಿಧೇಯ,
ರಿಪೋರ್ಟ್ ತರಲು ಹೋಗಿದ್ದವನು