ಭಾನುವಾರದ ಭಟ್ಟರು

ಸೋಮವಾರದಿಂದ ಶನಿವಾರದ ತನಕ ಇವನು ಅಡುಗೆಮನೆಗೆ ಬರುವುದು ನೀರು ಕುಡಿಯಲಿಕ್ಕೆ ಮಾತ್ರ. ಬಂದವನು "ಲೋಟ ಎಲ್ಲಿಟ್ಟಿದೀಯೇ?" ಎಂದು ಒಂದು ಕೂಗು ಹಾಕುತ್ತಾನೆ. ಮದುವೆಯಾದ ವರ್ಷ ಲೋಟ ಎಲ್ಲಿತ್ತೋ ಇವತ್ತೂ ಅಲ್ಲೇ ಇರುತ್ತದೆ. ಭಾನುವಾರ ಬೆಳಗಾಯಿತೆನ್ನಿ, ಅದೇ ಆಸಾಮಿ ಲುಂಗಿ ಎತ್ತಿ ಕಟ್ಟಿ, ಹೆಗಲ ಮೇಲೊಂದು ಟವೆಲು ಹಾಕಿಕೊಂಡು, ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, "ಎಲ್ಲಾ ಆಚೆ ನಡೀರಿ, ಇವತ್ತು ಅಡುಗೆ ನಂದು" ಎಂದು ಅಪ್ಪಣೆ ಕೊಡಿಸುತ್ತಾನೆ. ಹೆಂಡತಿ ಹೊಸಿಲು ದಾಟುವ ಮೊದಲೇ ವಾಪಸು ಕರೆ ಬರುತ್ತದೆ: "ಜೀರಿಗೆ ಯಾವುದೇ? ಇದಾ, ಇದಾ?" ಒಂದು ಕೈಯಲ್ಲಿರುವುದು ಸೋಂಪು, ಇನ್ನೊಂದರಲ್ಲಿ ಓಮ.

ಮಂಡ್ಯದ ಸುಭಾಷ್ ನಗರ, ಅಶೋಕನಗರ, ವಿದ್ಯಾನಗರ, ಯಾವ ಬಡಾವಣೆಗೆ ಹೋದರೂ ಬೀದಿಗೊಬ್ಬರಂತೆ ಈ ಭಾನುವಾರದ ಭಟ್ಟರು ಸಿಗುತ್ತಾರೆ. ಮದ್ದೂರಿನಲ್ಲೂ ಇದ್ದಾರೆ. ಮಳವಳ್ಳಿ ಕಡೆ ಸ್ವಲ್ಪ ಕಡಿಮೆ, ಅಲ್ಲಿ ಅವ್ವಂದಿರು ಇನ್ನೂ ಗಟ್ಟಿಯಾಗಿದ್ದಾರೆ. ನನ್ನ ಪಾಲಿಗೆ ಬಂದಿರುವ ಭಟ್ಟರು ಸಂಬಂಧದಲ್ಲಿ ಷಡ್ಡಕ. ಷಡ್ಡಕನ ಮನೆಗೆ ಹೋಗಿ ಉಣ್ಣದೆ ಬರುವ ಹಾಗಿಲ್ಲ. ಉಂಡು ಸುಮ್ಮನೆ ಕೈ ತೊಳೆಯುವ ಹಾಗೂ ಇಲ್ಲ. "ಹೆಂಗೈತೆ?" ಎಂಬ ಪ್ರಶ್ನೆ ತುತ್ತು ಬಾಯಿಗೆ ಹೋಗುವ ಮುಂಚೆಯೇ ಬಂದಿರುತ್ತದೆ.

ಒಂದು ಕಾಲಕ್ಕೆ ಇವರ ಪ್ರತಾಪ ಗೋಬಿ ಮಂಚೂರಿಗೆ ಮುಗಿಯುತ್ತಿತ್ತು. ಆಮೇಲೆ ಪಾಸ್ತಾ ಬಂತು, ಬೆಳ್ಳುಳ್ಳಿ ಬ್ರೆಡ್ಡು ಬಂತು. ಈಗ ಭಟ್ಟರು ಬೀಡುಬಿಟ್ಟಿರುವುದು ವೆಸ್ಟ್ ಇಂಡೀಸಿನಲ್ಲಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಇದಕ್ಕೆಲ್ಲ ಕಾರಣ ಕ್ರಿಸ್ ಗೇಲ್. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪುಣೆ ತಂಡದ ಮೇಲೆ ಆತ 30 ಎಸೆತಕ್ಕೆ ನೂರು ಬಾರಿಸಿ, ಔಟಾಗದೆ 175 ಮಾಡಿದ ದಿನ ತಾನು ಅಲ್ಲೇ ಇದ್ದೆ ಎಂದು ಭಟ್ಟರು ಹೇಳುತ್ತಾರೆ. ಹಾಗೆ ಹೇಳುವ ಮಂಡ್ಯದವರನ್ನೆಲ್ಲ ಕೂರಿಸುವುದಾದರೆ ಆ ಕ್ರೀಡಾಂಗಣವನ್ನು ಮದ್ದೂರಿನವರೆಗೆ ಎಳೆಯಬೇಕಾಗುತ್ತದೆ, ಇರಲಿ. ಇವರ ತಂದೆಯದೂ ಅದೇ ಚಾಳಿ. 1974ರಲ್ಲಿ ಅದೇ ಮೈದಾನದಲ್ಲಿ ರಿಚರ್ಡ್ಸ್, ಗ್ರೀನಿಜ್ ಇಬ್ಬರೂ ಮೊದಲ ಟೆಸ್ಟ್ ಆಡಿದಾಗ ಗದ್ದೆಯ ಬದುವಿನ ಮೇಲೆ ರೇಡಿಯೋ ಇಟ್ಟು, ನಾಟಿ ಹೆಣ್ಣಾಳುಗಳಿಗೂ ಸ್ಕೋರು ಹೇಳಿದವರು. ತಂದೆಗೆ ಬ್ಯಾಟು ಸಾಕಿತ್ತು. ಮಗನಿಗೆ ಹುಟ್ಟಿದ್ದು ಸಂಶೋಧಕನ ಪ್ರಶ್ನೆ: ಆ ತೋಳಿಗೆ ಆ ಕಸುವು ಬರಬೇಕಾದರೆ ಮನೆಯಲ್ಲಿ ಏನು ಬೇಯಿಸಿ ಹಾಕಿರಬೇಕು?

ಉತ್ತರ ಹುಡುಕಿದ್ದು ರೈಲಿನಲ್ಲಿ. ಭಟ್ಟರದು ಬೆಂಗಳೂರಿನಲ್ಲಿ ಕೆಲಸ, ಮಂಡ್ಯದಿಂದ ಸೀಸನ್ ಪಾಸು. ಮಿಕ್ಕವರು ಇಸ್ಪೀಟು ಹಂಚಿಕೊಂಡರೆ ಇವರು ಕಿವಿಗೆ ಇಯರ್‌ಫೋನ್ ತುರುಕಿ ಕಿಂಗ್‌ಸ್ಟನ್ನಿನ ಯಾವುದೋ ಅಜ್ಜಿ ಕೋಳಿ ಸುಡುವುದನ್ನು ನೋಡುತ್ತಾರೆ. ಮದ್ದೂರಿನಲ್ಲಿ "ವಡೆ ವಡೆ ವಡೆ" ಎಂದು ಬುಟ್ಟಿ ಹತ್ತಿದಾಗ ಮಾತ್ರ ಅಜ್ಜಿಯನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ರಾಮನಗರ ಬರುವ ಹೊತ್ತಿಗೆ ವಡೆಯೂ ಮುಗಿದಿರುತ್ತದೆ, ಜಮೈಕಾದ ಜರ್ಕ್ ಚಿಕನ್ನಿನ ಸಾಮಾನು ಪಟ್ಟಿಯೂ ತಯಾರಾಗಿರುತ್ತದೆ.

ಆ ಪಟ್ಟಿ ಹಿಡಿದು ಪೇಟೆ ಬೀದಿಗೆ ಹೊರಟ ಶನಿವಾರ ನಾನೂ ಜೊತೆಗಿದ್ದೆ. "ಆಲ್‌ಸ್ಪೈಸ್ ಇದೆಯಾ?" ಎಂದು ಕೇಳಿದರು. ಅಂಗಡಿಯವರು ಕನ್ನಡಕ ಸರಿಮಾಡಿಕೊಂಡು, "ಎಲ್ಲಾ ಐತೆ, ಯಾವ್ದು ಬೇಕು ಹೇಳಿ" ಅಂದರು. ಅದೊಂದು ಮರದ ಒಣಗಿಸಿದ ಕಾಯಿ, ಮೆಣಸಿನಕಾಳಿನ ಗಾತ್ರ, ಮೂಸಿದರೆ ಲವಂಗ ಚಕ್ಕೆ ಜಾಕಾಯಿ ಮೂರೂ ಒಟ್ಟಿಗೆ ಮೂಸಿದ ಹಾಗಿರುತ್ತದೆ, ಜಮೈಕಾದಲ್ಲಿ ಆ ಮರದ ಸೌದೆಯ ಹೊಗೆಯಲ್ಲೇ ಮಾಂಸ ಬೇಯಿಸುತ್ತಾರೆ ಎಂದೆಲ್ಲ ಭಟ್ಟರು ವಿವರಿಸಿದರು. ಹಿಂದೆ ನಾಲ್ಕು ಜನ ಗಿರಾಕಿ ನಿಂತಿದ್ದರು. ಅಂಗಡಿಯವರು ಲವಂಗ, ಚಕ್ಕೆ, ಜಾಕಾಯಿ ಮೂರನ್ನೂ ಕಟ್ಟಿಕೊಟ್ಟು, "ಮೊದ್ಲೇ ಬಾಡಿನ ಮಸಾಲೆ ಅಂದಿದ್ರೆ ಆಗೋಗ್ತಿತ್ತಲ್ಲ ಸಾರ್" ಎಂದರು. ಸ್ಕಾಚ್ ಬಾನೆಟ್ ಎಂಬ ಮೆಣಸಿನಕಾಯಿಯ ಬದಲಿಗೆ ಸೂಜಿಮೆಣಸಿನಕಾಯಿ ಬಂತು. ಟೈಮ್ ಎಂಬ ಸೊಪ್ಪನ್ನು ಮಾತ್ರ ಬೆಂಗಳೂರಿನ ದೊಡ್ಡ ಅಂಗಡಿಯೊಂದರಿಂದ ಫ್ರಿಜ್ಜಿನ ಡಬ್ಬಿಯಲ್ಲಿ ತರಿಸಲಾಯಿತು. ಬೆಲೆ ಕೇಳಿ ನಾದಿನಿ ಕುರ್ಚಿ ಎಳೆದುಕೊಂಡು ಕೂತಳು. ತಮಾಷೆಯೆಂದರೆ, ಟ್ರಿನಿಡಾಡ್ ಕಡೆಯ ಮನೆಗಳಲ್ಲಿ ಟೈಮ್ ಜೊತೆಗೆ, ಎಷ್ಟೋ ಸಲ ಅದರ ಬದಲಿಗೆ, ದಪ್ಪ ಎಲೆಯ ಇನ್ನೊಂದು ಸೊಪ್ಪನ್ನು ಅರೆದು ಮಾಂಸಕ್ಕೆ ಹಚ್ಚುತ್ತಾರೆ. ಅದು ನಮ್ಮ ದೊಡ್ಡಪತ್ರೆ. ಭಟ್ಟರ ಮನೆಯ ನೀರಿನ ಟ್ಯಾಂಕಿನ ಪಕ್ಕದಲ್ಲಿ, ಒಡೆದ ಬಕೆಟ್ಟಿನಲ್ಲಿ, ಯಾರೂ ಕೇಳುವವರಿಲ್ಲದೆ ಸೊಂಪಾಗಿ ಬೆಳೆದಿದೆ. ಮಕ್ಕಳಿಗೆ ನೆಗಡಿಯಾದರೆ ಮಾತ್ರ ಅದರ ನೆನಪು.

ತೆಂಗಿನ ಹಾಲಿನ ಕತೆ ಇದಕ್ಕೂ ಒಂದು ಕೈ ಮೇಲು. ನಮ್ಮಿಬ್ಬರ ಮಾವನ ಮನೆ ಮದ್ದೂರಿನ ಹತ್ತಿರ. ತೆಂಗಿನ ತೋಟದ ನಡುವೆ ಮನೆ. ಮದ್ದೂರಿನ ಮಾರುಕಟ್ಟೆಯಿಂದ ಎಳನೀರು ಲಾರಿಗಟ್ಟಲೆ ಊರೂರಿಗೆ ಹೋಗುತ್ತದೆ. ಆ ಊರಿನ ಅಳಿಯ ತೆಂಗಿನ ಹಾಲನ್ನು ಥಾಯ್ಲೆಂಡಿನ ಡಬ್ಬಿಯಲ್ಲಿ ತರಿಸುತ್ತಾರೆ. ವಿಡಿಯೋದಲ್ಲಿ ಡಬ್ಬಿ ಇತ್ತಂತೆ.

ಭಟ್ಟರ ಚರಿತ್ರೆಯಲ್ಲಿ ದೊಡ್ಡ ಗಂಡಾಂತರ ಬಂದದ್ದು ಪಿಲಾವ್ ಮಾಡಿದ ಭಾನುವಾರ. ಇದು ಟ್ರಿನಿಡಾಡಿನವರ ಮನೆಮನೆಯ ಅಡುಗೆ. ಒಂದೇ ಪಾತ್ರೆಯಲ್ಲಿ ಕೋಳಿ, ಅಕ್ಕಿ, ತೊಗರಿಕಾಳು, ತೆಂಗಿನ ಹಾಲು. ಇಲ್ಲಿಯವರೆಗೆ ಮಂಡ್ಯಕ್ಕೆ ತಕರಾರಿಲ್ಲ. ಆದರೆ ಮೊದಲ ಹೆಜ್ಜೆಯೇ ಬೇರೆ: ಕಾದ ಎಣ್ಣೆಗೆ ಸಕ್ಕರೆ ಸುರಿದು, ಅದು ಕರಗಿ ನೊರೆಯೆದ್ದು ಕಂದುಬಣ್ಣಕ್ಕೆ ತಿರುಗಿದ ಗಳಿಗೆಯಲ್ಲಿ ಕೋಳಿ ಹಾಕಿ ತಿರುವಬೇಕು. ಕೋಳಿಗೆ ಬಣ್ಣ ಬರುವುದೂ, ತಳದಲ್ಲೊಂದು ಸುಟ್ಟ ಸಿಹಿಯ ಘಮ ಉಳಿಯುವುದೂ ಅದರಿಂದಲೇ. ಸಕ್ಕರೆ ಬೀಳುವುದನ್ನು ಬಾಗಿಲಲ್ಲಿ ನಿಂತು ನೋಡಿದ ಮಾವನವರು, "ಅಳಿಯಂದ್ರೇ, ಅದು ಉಪ್ಪಲ್ಲ" ಎಂದು ಕೂಗಿದರು. "ಗೊತ್ತು ಮಾವ" ಎಂಬ ಉತ್ತರ ಕೇಳಿ ಅವರಿಗೆ ಇನ್ನೂ ಗಾಬರಿಯಾಯಿತು.

ಗಾಬರಿಗೆ ಕಾರಣವಿದೆ. ಮಂಡ್ಯ ಸಕ್ಕರೆಯ ನಾಡು, 1933ರಿಂದ ಮೈಷುಗರ್ ಕಾರ್ಖಾನೆ ಇರುವ ಊರು, ಎಲ್ಲಾ ಹೌದು. ಆದರೆ ಇಲ್ಲಿ ಸಕ್ಕರೆಗೊಂದು ಜಾಗ, ಬಾಡಿಗೊಂದು ಜಾಗ. 2024ರ ಡಿಸೆಂಬರಿನಲ್ಲಿ ಇಲ್ಲಿ 87ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಊಟದಲ್ಲಿ ಬಾಡು ಬೇಕೇಬೇಕೆಂದು ಚಳವಳಿಯನ್ನೇ ಕಟ್ಟಿದ ಜಿಲ್ಲೆ ಇದು. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ಮುಂದೆ ಉಳಿದ ಕುರಿಗಳೆಲ್ಲ ಬರೀ ಉಣ್ಣೆಗೆ ಸರಿ ಎಂದು ನಂಬಿರುವ ಜನ. ಅಂಥ ಕಡೆ ಕೋಳಿಗೆ ಸಕ್ಕರೆ ಹಾಕಿದ ಸುದ್ದಿ ಸಂಜೆಯೊಳಗೆ ನಾಲ್ಕು ಮನೆಯ ಬೀಗರಿಗೆ ತಲುಪಿತು. ನಿಜ ಹೇಳಬೇಕೆಂದರೆ ಪಿಲಾವ್ ರುಚಿಯಾಗಿತ್ತು. ನಾನು ಎರಡನೆಯ ಸಲ ಹಾಕಿಸಿಕೊಂಡೆ. ಮಾವನವರೂ ಹಾಕಿಸಿಕೊಂಡರು, "ದಂಡ ಆಯ್ತದಲ್ಲ" ಎಂಬ ಕಾರಣ ಕೊಟ್ಟು.

ರಮ್ಮಿನ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ಆ ದ್ವೀಪಗಳ ಕ್ರಿಸ್‌ಮಸ್ ಕೇಕಿಗೆ ಒಣಹಣ್ಣುಗಳನ್ನು ರಮ್ಮಿನಲ್ಲಿ ನೆನೆಸುತ್ತಾರೆ, ಹಾಗಾಗಿ ಒಂದು ಬಾಟಲಿ ತರಲೇಬೇಕಾಯಿತು. ದ್ರಾಕ್ಷಿ ನೆನೆದದ್ದು ಎರಡು ಚಮಚದಲ್ಲಿ. ಉಳಿದದ್ದರಲ್ಲಿ ಮಹಡಿಯ ಮೇಲೆ ನೆನೆದವರು ಯಾರೆಂದು ಬರೆಯುವುದಿಲ್ಲ, ನನ್ನ ಹೆಂಡತಿಯೂ ಪತ್ರಿಕೆ ಓದುತ್ತಾಳೆ.

ಮಳವಳ್ಳಿ ಕಡೆಯ ಹಳ್ಳಿಯಿಂದ ಭಟ್ಟರ ಅವ್ವ ಬಂದಿದ್ದಾಗ ಬಾರ್ಬಡೋಸ್ ಸರದಿ ಬಂತು. ಅವ್ವ ಬರುವಾಗ ಚೀಲದ ತುಂಬ ದಂಟಿನ ಸೊಪ್ಪು ತಂದಿದ್ದರು. ಭಟ್ಟರು ಚೀಲ ನೋಡಿ, "ಅವ್ವಾ, ಇದು ಕ್ಯಾಲಲೂ! ಜಮೈಕಾದವರು ಬೆಳಿಗ್ಗೆ ಬೆಳಿಗ್ಗೆ ಇದನ್ನೇ ತಿನ್ನೋದು" ಎಂದು ಕುಣಿದರು. "ತಿನ್ಲಿ ಬುಡು, ಹೊಟ್ಟೆಗೆ ಒಳ್ಳೇದು" ಅಂದರು ಅವ್ವ. ಅಷ್ಟರಲ್ಲಿ ಮುಸುಕಿನ ಜೋಳದ ಹಿಟ್ಟು, ಬೆಂಡೆಕಾಯಿ, ಒಂದು ಮರದ ಚಪ್ಪಟೆ ಕೋಲು ಒಲೆಯ ಹತ್ತಿರ ಸಾಲಾಗಿ ನಿಂತಿದ್ದವು. ಕೋಲನ್ನು ಭಟ್ಟರು ಬಡಗಿಗೆ ಹೇಳಿ ಮಾಡಿಸಿದ್ದು. ಹಿಡಿಯಿಂದ ತುದಿಯವರೆಗೆ ಥೇಟ್ ಮಕ್ಕಳ ಕ್ರಿಕೆಟ್ ಬ್ಯಾಟು. ಬಾರ್ಬಡೋಸಿನಲ್ಲಿ ಈ ಅಡುಗೆಗೆಂದೇ ಅಂಥ ಕೋಲು ಇರುತ್ತದೆ. ಬೆಂಡೆಕಾಯಿ ಬೆಂದ ಲೋಳೆ ನೀರಿಗೆ ಜೋಳದ ಹಿಟ್ಟು ಬಿಟ್ಟು ತೋಳು ಸೋಲುವಷ್ಟು ತಿರುವುತ್ತಾರೆ. ಹಾರುವ ಮೀನಿನ ಸಾರಿನ ಜೊತೆ ಉಣ್ಣುತ್ತಾರೆ. ಹಾರುವ ಮೀನು ಮಂಡ್ಯದಲ್ಲಿ ಸಿಗುವುದಿಲ್ಲವಾಗಿ ಕೆರೆಯ ಕಾಟ್ಲಾ ಬಂದಿತ್ತು.

ಒಂದು ಗಂಟೆ ಹೆಣಗಾಡಿ, ಬನಿಯನ್ನು ಒದ್ದೆ ಮಾಡಿಕೊಂಡು, ಭಟ್ಟರು ಹಳದಿ ಗುಡ್ಡವೊಂದನ್ನು ತಟ್ಟೆಗೆ ಬಡಿಸಿ ಅವ್ವನ ಮುಂದಿಟ್ಟರು.

"ಅವ್ವಾ, ಇದು ಬಾರ್ಬಡೋಸ್ ದೇಶದ ರಾಷ್ಟ್ರೀಯ ಊಟ. ಕೂ-ಕೂ ಅಂತಾರೆ."

ಅವ್ವ ತಟ್ಟೆಯನ್ನು ಒಮ್ಮೆ ತಿರುಗಿಸಿ ನೋಡಿದರು. "ಹಿಟ್ಟು" ಅಂದರು.

"ಹಿಟ್ಟಲ್ಲವ್ವ, ಕೂ-ಕೂ."

"ಎಸ್ರಿಗೆ ಹಿಟ್ಟು ಬುಟ್ಟೆ ತಾನೆ?"

"ಹೂಂ."

"ಕೋಲಲ್ಲಿ ತಿರುವ್ದೆ ತಾನೆ?"

"ಹೂಂ."

"ಇನ್ನೇನ್ಲಾ ಮಗ ಮತ್ತೆ? ಮುಸುಕಿನ ಜೋಳ ದನಿಗೆ ಹಾಕೋದು, ರಾಗಿ ಇರಲಿಲ್ವ ಮನೇಲಿ?"

ಭಟ್ಟರು ಬೆಂಡೆಕಾಯಿಯ ಮಹಿಮೆ ಹೇಳಲು ಹೊರಟರು. ಅವ್ವ ಅಷ್ಟರಲ್ಲಿ ಒಂದು ತುತ್ತು ಮುರಿದು, ಮೀನಿನ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದ್ದರು. "ಲೋಳೆ ಇರೋದ್ಕೆ ಸಲೀಸಾಗಿ ಜಾರ್ತದೆ. ಆದ್ರೆ ಗಂಟು ಐತೆ" ಎಂದು ಎರಡು ವಾಕ್ಯದಲ್ಲಿ ತೀರ್ಪು ಕೊಟ್ಟರು. ಆಮೇಲೆ ಎದ್ದು, ಆ ಬ್ಯಾಟಿನಂಥ ಕೋಲನ್ನು ಪಕ್ಕಕ್ಕೆ ಸರಿಸಿ, ಮೂಲೆಯಲ್ಲಿದ್ದ ಹಳೆಯ ಹಿಟ್ಟಿನ ಕೋಲು ತೆಗೆದುಕೊಂಡು, ಉಳಿದ ಕೂ-ಕೂವನ್ನು ಕಾಲು ಗಂಟೆಯಲ್ಲಿ ಗಂಟಿಲ್ಲದಂತೆ ತಿರುವಿ, ಕೈಗೆ ನೀರು ಮುಟ್ಟಿಸಿಕೊಂಡು ಉರುಳೆ ಕಟ್ಟಿಟ್ಟರು. ಬಾರ್ಬಡೋಸಿನವರು ಕಂಡಿದ್ದರೆ ಆ ಅವ್ವನಿಗೆ ಅಲ್ಲೇ ಪೌರತ್ವ ಕೊಡುತ್ತಿದ್ದರು. ಭಟ್ಟರು ಫೋಟೋ ತೆಗೆದು "ನನ್ನ ಕೂ-ಕೂ" ಎಂದು ಬರೆದು ಎಲ್ಲರಿಗೂ ಕಳಿಸಿದರು.

ಈ ಜಾತಿಯ ಭಟ್ಟರ ಊಟದಲ್ಲಿ ಉಪನ್ಯಾಸ ಉಚಿತ. ನನ್ನ ಷಡ್ಡಕನ ಉಪನ್ಯಾಸದಲ್ಲಿ ತಿರುಳಿರುತ್ತದೆ, ಅದನ್ನು ಒಪ್ಪಬೇಕು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಸಾಲದೆ ಬ್ರಿಟಿಷರು ಕಲ್ಕತ್ತ, ಮದರಾಸುಗಳಿಂದ ಕರಾರು ಕೂಲಿಗಳನ್ನು ಹಡಗಿಗೆ ಹತ್ತಿಸಿದ್ದು, 1838ರಲ್ಲಿ ಗಯಾನಾಕ್ಕೆ, 1845ರಲ್ಲಿ ಜಮೈಕಾ ಮತ್ತು ಟ್ರಿನಿಡಾಡಿಗೆ ಮೊದಲ ಹಡಗು ಮುಟ್ಟಿದ್ದು, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಹಾಗೆ ಹೋದದ್ದು, ಇವತ್ತು ಜಮೈಕಾದ ಮದುವೆ ಮನೆಯಲ್ಲಿ ಬೇಯುವ ಆಡಿನ ಮಸಾಲೆ ಸಾರಿನ ಬೇರು ಆ ಹಡಗಿನಲ್ಲಿರುವುದು, ಎಲ್ಲವನ್ನೂ ಹೇಳುತ್ತಾರೆ. ಕಬ್ಬಿನ ಗರಿ ಚರ್ಮ ಕುಯ್ಯುವುದು ಹೇಗೆಂದು ಬಲ್ಲ ಮನೆ ಅದು. ಆ ಭಾಗ ಬಂದಾಗ ಮಾವನವರು ಬಾಯಿಗಿಟ್ಟ ತುತ್ತನ್ನು ತಡೆದು ಕೇಳಿಸಿಕೊಳ್ಳುತ್ತಾರೆ.

ಆದರೆ ಭಟ್ಟರು ಅಲ್ಲಿಗೆ ನಿಲ್ಲಿಸುವುದಿಲ್ಲ. ಟ್ರಿನಿಡಾಡಿನ ಬೀದಿಯಲ್ಲಿ 'ಡಬಲ್ಸ್' ಎಂದು ಮಾರುತ್ತಾರೆ, ಮೆತ್ತಗಿನ ಎರಡು ಕರಿದ ಬಾರಾಗಳ ನಡುವೆ ಕಾಬೂಲ್ ಕಡಲೆಯ ಗೊಜ್ಜು, ನಮ್ಮ ಮದ್ದೂರು ವಡೆಗೆ ಅದು ದೂರದ ನೆಂಟ ಎಂದುಬಿಟ್ಟರು. ಮದ್ದೂರಿನ ಮಾವನ ಎದುರಿಗೆ ಹೇಳುವ ಮಾತೇ ಇದು? ಆ ಕೂಲಿ ಹಡಗುಗಳು ನಿಂತದ್ದು ಯಾವಾಗ ಎಂದು ಅವರು ವಿಚಾರಿಸಿದರು. 1917. ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಅವರು ವಡೆ ಶುರುಮಾಡಿದ್ದೂ 1917 ಎಂದೇ ಹೇಳುತ್ತಾರೆ. ರೈಲು ಬೇಗ ಬಂತೆಂದು ಪಕೋಡದ ಹಿಟ್ಟನ್ನೇ ತಟ್ಟಿ ಕರಿದರು ಎಂಬುದು ಅದರ ಜನ್ಮವೃತ್ತಾಂತ. ಮಾವನವರು ಸಮಾಧಾನದಿಂದ ನೀರು ಕುಡಿದರು. "ಸದ್ಯ. ಹಡಗು ಇನ್ನೊಂದ್ ವರ್ಷ ನಡೆದಿದ್ರೆ ನಮ್ ವಡೆನೂ ಅಲ್ಲಿಗೆ ಹೋಗಿ, ಅವ್ರು ಅದ್ರೊಳಕ್ಕೂ ಕಡ್ಲೆಕಾಳು ತುಂಬೋರು."

ಇನ್ನು ಊಟವಾದ ಮೇಲಿನ ಸಂಗತಿ. ಒಂದು ಕೋಳಿಗೆ ಭಟ್ಟರು ಮಿಕ್ಸಿಯ ಮೂರೂ ಜಾರು, ಎರಡು ಕುಕ್ಕರು, ಹಬ್ಬಕ್ಕೆಂದು ಅಟ್ಟದ ಮೇಲಿಟ್ಟಿದ್ದ ದೊಡ್ಡ ಬೋಸಿ, ಟೀ ಸೋಸುವ ಜಾಲರಿ, ಮನೆಯಲ್ಲಿ ಎಷ್ಟು ಸೌಟಿದೆಯೋ ಅಷ್ಟೂ ಸೌಟು ಬಳಸುತ್ತಾರೆ. ಒಲೆಯ ಹಿಂದಿನ ಗೋಡೆಯ ಮೇಲೆ ಅರಿಸಿನದಲ್ಲಿ ಒಂದು ಭೂಪಟ ಮೂಡಿರುತ್ತದೆ, ಕಣ್ಣು ಕಿರಿದು ಮಾಡಿ ನೋಡಿದರೆ ಕ್ಯೂಬಾ ಇದ್ದರೂ ಇರಬಹುದು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಟ್ಟಲು ಈಸಿಕೊಂಡು, "ಎಂಥಾ ಪುಣ್ಯ ಮಾಡಿದ್ಯವ್ವ, ನಿನ್ ಗಂಡ ಅಡಿಗೆ ಮಾಡ್ತಾರೆ" ಎನ್ನುತ್ತಾಳೆ. ವಾರದ ಆರು ದಿನ ಇಪ್ಪತ್ತು ರಾಗಿ ಮುದ್ದೆ ಕಟ್ಟುವ ನಾದಿನಿಯ ಬಗ್ಗೆ ಯಾರೂ ಅವಳ ಗಂಡನಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಪಿಲಾವ್ ತಿಂದ ಮಧ್ಯಾಹ್ನ ಭಟ್ಟರು ಸೋಫಾದ ಮೇಲೆ ಅಡ್ಡಾಗಿ ಮುಂದಿನ ವಾರದ ದ್ವೀಪ ಹುಡುಕುತ್ತಿದ್ದರು. ನಾದಿನಿ ಸಿಂಕಿನ ಹತ್ತಿರ ನಿಂತು ತಳ ಹಿಡಿದ ಸಕ್ಕರೆಯನ್ನು ಚಾಕುವಿನಿಂದ ಕೆರೆಯುತ್ತಿದ್ದಳು.

"ರೀ, ಅಷ್ಟೊಂದು ದ್ವೀಪ ಸುತ್ತುತೀರಲ್ಲ, ಗಂಡಸ್ರೇ ಪಾತ್ರೆ ತೊಳೆಯೋ ದ್ವೀಪ ಒಂದೂ ಸಿಗ್ಲಿಲ್ವಾ?"

"ನೋಡ್ತಿದೀನಿ ಕಣೇ" ಎಂದರು ಭಟ್ಟರು, ಮೊಬೈಲಿನಿಂದ ಕಣ್ಣೆತ್ತದೆ. "ಹೈಟಿಯವರೆಗೂ ಬಂದಿದೀನಿ, ಇನ್ನೂ ಇಲ್ಲ."