ಕಾಣದ ಚಕ್ರಕ್ಕೆ ಪಾಲಿಶ್

ಕಾರು ಓಡಿಸುವವನಿಗೆ ಕೂತಲ್ಲಿಂದ ಎಲ್ಲವೂ ಕಾಣುತ್ತದೆ. ಪೆಟ್ರೋಲಿನ ಮುಳ್ಳು ಕಾಣುತ್ತದೆ, ಬಾನೆಟ್ಟಿನ ಮೇಲೆ ಕಾಗೆ ಮಾಡಿಹೋದದ್ದು ಕಾಣುತ್ತದೆ, ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತ ಅತ್ತೆಯವರೂ ಕನ್ನಡಿಯಲ್ಲಿ ಕಾಣುತ್ತಾರೆ. ಕಾಣದಿರುವುದು ಚಕ್ರ ಒಂದೇ. ಆದರೂ ಕಾರಿನ ಅಲಂಕಾರಕ್ಕೆಂದು ಗಂಟು ಬಿಚ್ಚುವವನು ಮೊದಲು ಬಿಚ್ಚುವುದು ಚಕ್ರಕ್ಕೇ. ಮದುವೆಮನೆ ಮುಂದೆ ನಿಲ್ಲಿಸಿದಾಗ ಬೀಗರು ನೋಡಬೇಕು, ಬಂಕಿನ ಹುಡುಗ ನೋಡಬೇಕು, ಪಕ್ಕದ ಮನೆಯವರು ನೋಡಿಯೂ ನೋಡದವರ ಹಾಗೆ ಒಳಗೆ ಹೋಗಬೇಕು. ದಾವಣಗೆರೆಯಲ್ಲಿ ಈ ಪ್ರದರ್ಶನಕ್ಕೆ ಬಹಳ ವರ್ಷ ಒಂದು ಪುಕ್ಕಟೆ ವ್ಯವಸ್ಥೆ ಇತ್ತು: ಅಶೋಕ ಟಾಕೀಸಿನ ಹತ್ತಿರದ ರೈಲ್ವೆ ಗೇಟು. ಗೇಟು ಬಿತ್ತೆಂದರೆ ಗೂಡ್ಸು ದಾಟುವ ತನಕ ಅರ್ಧ ಊರು ಒಬ್ಬರ ಚಕ್ರವನ್ನು ಒಬ್ಬರು ನೋಡುತ್ತ ನಿಲ್ಲಬೇಕಿತ್ತು. ನನ್ನ ಸ್ವಿಫ್ಟಿಗೆ ಹುಟ್ಟಿನಿಂದ ಬಂದದ್ದು ಕಪ್ಪು ಕಬ್ಬಿಣದ ರಿಮ್ಮು. ಅದರ ಮಾನ ಮುಚ್ಚುತ್ತಿದ್ದ ನಾಲ್ಕು ಪ್ಲಾಸ್ಟಿಕ್ ವೀಲ್ ಕ್ಯಾಪುಗಳಲ್ಲಿ ಒಂದು ಹದಡಿ ರಸ್ತೆಯ ಯಾವುದೋ ಗುಂಡಿಯ ಪಾಲಾಗಿತ್ತು. ಉಳಿದ ಮೂರನ್ನು ಜನ ಎಣಿಸುತ್ತಿದ್ದಾರೆ ಎಂದು ನನಗೆ ಅನ್ನಿಸತೊಡಗಿದ್ದು ಆ ಗೇಟಿನಲ್ಲೇ.

ಹೊಸ ಅಲಾಯ್ ವೀಲಿನ ಬೆಲೆ ಕೇಳಿದ ಮೇಲೆ ಸಹಜವಾಗಿಯೇ ಗುಜರಿಯ ನೆನಪಾಯಿತು. ಭಾವಮೈದನನ್ನು ಜೊತೆಗೆ ಕರೆದುಕೊಂಡು ಹೋದೆ. ಅವನಿಗೆ ಕಾರಿಲ್ಲ, ಆದ್ದರಿಂದಲೇ ಕಾರುಗಳ ಬಗ್ಗೆ ಅವನ ಅಭಿಪ್ರಾಯಗಳು ಬಲು ಗಟ್ಟಿ. ಸಲಾಕೆಗೆ ಪೋಣಿಸಿ ನೇತುಹಾಕಿದ್ದ ರಿಮ್ಮುಗಳಲ್ಲಿ ಒಂದನ್ನು ಇಳಿಸಿ, "ನಾಲ್ಕು ತೂತಿಗೆ ನಾಲ್ಕು ತೂತು, ಕೂಡಿಸಿ ಬಿಗಿದ್ರೆ ಆತು. ಇನ್ನೇನ್ ಯೋಚ್ನಿ ಮಾಡ್ತೀರಿ ಭಾವ?" ಎಂದ. ಗುಜರಿಯವನು ಅವನ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡು ಮತ್ತೆ ಸಲಾಕೆಗೆ ಏರಿಸಿದ. "ತೂತು ಎಣಿಸೋದಲ್ಲ ಅಣ್ಣಾ, ದೂರ ಅಳೀಬೇಕು." ನಟ್ಟು ಕೂರುವ ತೂತುಗಳ ನಡುಬಿಂದುಗಳ ಮೇಲೆ ಹಾಯುವಂತೆ ಒಂದು ವೃತ್ತ ಎಳೆದರೆ ಅದರ ಅಡ್ಡಳತೆಗೆ ಗುಜರಿಯವರ ಬಾಯಲ್ಲಿ ಪಿಸಿಡಿ. ಸ್ವಿಫ್ಟಿಗೆ ಅದು 100 ಮಿಲಿಮೀಟರ್. ಹಳೇ ಮಾರುತಿ 800ಕ್ಕೂ ನಾಲ್ಕೇ ತೂತು, ಆದರೆ 114.3. ಹದಿನಾಲ್ಕು ಮಿಲಿಮೀಟರಿನ ಅಂತರ. ಜಾತಕ ಕೂಡಲಿಲ್ಲವೆಂದರೆ ಕೂಡಲಿಲ್ಲ. ಭಾವಮೈದ ಅಲ್ಲಿಂದಾಚೆಗೆ ಟೈರುಗಳನ್ನು ಪರೀಕ್ಷಿಸತೊಡಗಿದ. ಗುಜರಿಗೆ ಬಂದ ಟೈರಿನ ಗತಿ ಬೇರೆ. ಸವೆದ ಟೈರು ಮಂಡಕ್ಕಿ ಭಟ್ಟಿಯ ಒಲೆ ಸೇರಿ, ಆ ಹೊಗೆಯ ಮೇಲೆ ದೂರುಗಳೆದ್ದ ಊರು ನಮ್ಮದು. ಕಾರಿನ ಚಕ್ರದಲ್ಲಿ ಒಂದು ಭಾಗ ಹುರಿಯಲು ಹೋಗುತ್ತದೆ, ಇನ್ನೊಂದು ಭಾಗ ಮೆರೆಯಲು ಬರುತ್ತದೆ.

ನನಗೆ ಸಿಕ್ಕ ನಾಲ್ಕು ರಿಮ್ಮುಗಳ ಮುಖ ನೋಡುವಂತಿರಲಿಲ್ಲ. ಮೇಲಿನ ಲ್ಯಾಕರ್ ಪೊರೆಯಾಗಿ ಎದ್ದು, ಅಡಿಯಲ್ಲಿ ಬಿಳೀ ಪುಡಿ ಕಟ್ಟಿತ್ತು. ಅಲ್ಯುಮಿನಿಯಂ ಕಬ್ಬಿಣದ ಹಾಗೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಬೂದಿ ಬಳಿದುಕೊಂಡು ಸುಮ್ಮನೆ ಕೂರುತ್ತದೆ. ಒಳಬದಿಗೆ ಬ್ರೇಕಿನ ಕರೀ ಧೂಳು ಸುಟ್ಟು ಅಂಟಿತ್ತು. ಅಂಚಿನ ಸುತ್ತ ಕಲ್ಲಿಗೆ ಉಜ್ಜಿದ ಗೀರುಗಳು. ಈ ಗೀರುಗಳ ಇತಿಹಾಸ ಊಹಿಸುವುದು ಕಷ್ಟವಲ್ಲ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂದಾಗ ನಾವೆಲ್ಲ ಹಿಗ್ಗಿದೆವು. ಆಮೇಲೆ ರಸ್ತೆ ಕಾಂಕ್ರೀಟಾಯಿತು, ಫುಟ್‌ಪಾತ್ ಎತ್ತರವಾಯಿತು, ಅದರ ಅಂಚಿಗೆ ಚೂಪಾದ ಕಲ್ಲು ಬಂತು. ಬೆಣ್ಣೆದೋಸೆಯ ವಾಸನೆಗೆ ಅವಸರದಲ್ಲಿ ಕಾರು ಪಕ್ಕಕ್ಕೆ ಹಾಕುವವರ ಅಲಾಯ್‌ಗಳೆಲ್ಲ ಆ ಕಲ್ಲಿಗೆ ತೆರಿಗೆ ಕಟ್ಟಿವೆ.

ಮನೆಯಲ್ಲಿ ಸ್ವಾಗತ ಹೇಗಿತ್ತೆಂದು ವರ್ಣಿಸುವುದು ಬೇಡ. "ಇದ್ದ ಚಕ್ರ ಉರುಳ್ತಿರಲಿಲ್ವೇನ್ರೀ?" ಎಂಬ ಒಂದೇ ಪ್ರಶ್ನೆ ಬಂತು, ಅದಕ್ಕೆ ಉತ್ತರ ಇವತ್ತಿಗೂ ಬಾಕಿ. ಆದರೆ ಉಜ್ಜುವ ವಿಷಯ ಬಂದಾಗ ನನ್ನಾಕೆ ಸುಮ್ಮನಿರುವವಳಲ್ಲ. ದೇವರ ಸಾಮಾನು ಬೆಳಗಿ ಪಳಗಿದ ಕೈ. ಒಂದು ಹಿಡಿ ಹುಣಸೆಹಣ್ಣು ಕಿವುಚಿ ತಂದು ರಿಮ್ಮಿನ ಒಂದು ಕಡ್ಡಿಗೆ ತಿಕ್ಕಿದಳು. ಹಿತ್ತಾಳೆಗಾದರೆ ಹುಣಸೆ ಅಮೃತ. ಅಲ್ಯುಮಿನಿಯಂ ಅದಕ್ಕೆ ಬಗ್ಗಲಿಲ್ಲ. "ಇದೆಂಥಾ ಲೋಹಾನೋ" ಎಂದು ಕೈ ತೊಳೆದುಕೊಂಡು ಒಳಗೆ ಹೋದವಳು ಆ ಕಡೆ ತಿರುಗಿ ನೋಡಲಿಲ್ಲ. ಪಾತ್ರೆಯದ್ದಾಗಲಿ ಬಾತ್‌ರೂಮಿನದ್ದಾಗಲಿ, ಆಸಿಡ್ ಎಂಬುದನ್ನು ಅಲಾಯ್ ಹತ್ತಿರ ತರಲೇಬಾರದು. ಗುಳ್ಳೆ ಎದ್ದು ಲೋಹವನ್ನೇ ತಿನ್ನುತ್ತದೆ.

ಸರಿಯಾದ ಕ್ರಮ ಇದು. ಹಳೇ ಬಣ್ಣದ ಮೇಲೆ ಪೇಂಟ್ ರಿಮೂವರ್ ಬಳಿದರೆ ಅದು ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಏಳುತ್ತದೆ. ಕೆರೆದು ತೊಳೆದು, ನೀರು ಹಾಕುತ್ತ ವಾಟರ್ ಪೇಪರಿನಿಂದ ಉಜ್ಜಬೇಕು. ಮೊದಲು 220, ಆಮೇಲೆ 400, 600, 1000, ಪುರುಸೊತ್ತಿದ್ದವರಿಗೆ 2000. ನಂಬರು ಏರಿದ ಹಾಗೆ ಕಾಗದದ ಕಣ ಸಣ್ಣದು. ಒಂದೊಂದು ಕಾಗದವೂ ಹಿಂದಿನ ಕಾಗದ ಮಾಡಿದ ಗೀರನ್ನು ಅಳಿಸಿ ತನ್ನದೇ ಗೀರು ಮೂಡಿಸುತ್ತದೆ, ಹೊಸದಾಗಿ ಗೆದ್ದು ಬಂದ ಪುರಸಭೆಯ ಸದಸ್ಯರಂತೆ. ನಡುವೆ ಒಂದು ನಂಬರು ಹಾರಿಸಿದಿರೋ, ಕೊನೆಯಲ್ಲಿ ಬಿಸಿಲಿಗೆ ಹಿಡಿದಾಗ ಆ ಹಳೇ ಗೀರು ನಗುತ್ತದೆ. ಕಡ್ಡಿ ಕಡ್ಡಿಯ ಸಂದಿಗೆ ಬೆರಳು ಹೋಗುವುದಿಲ್ಲ. ಮುರಿದ ಐಸ್‌ಕ್ಯಾಂಡಿ ಕಡ್ಡಿಗೆ ಕಾಗದ ಸುತ್ತಿ ತೂರಿಸಬೇಕು. ಇದರಲ್ಲೊಂದು ತಮಾಷೆಯುಂಟು. ಅಲ್ಯುಮಿನಿಯಂ ಗಾಳಿಗೆ ಬಿದ್ದರೆ ಅದರ ಮೇಲೆ ಕಟ್ಟುವ ಪೊರೆ ಅಲ್ಯುಮಿನಿಯಂ ಆಕ್ಸೈಡ್. ಉಜ್ಜಲು ಬಳಸುವ ಕಂದು ಎಮರಿ ಬಟ್ಟೆಗೆ ಅಂಟಿಸುವ ಕುರುಂದದ ಪುಡಿಯೂ ಅದೇ ಆಕ್ಸೈಡ್. ತನ್ನ ತುಕ್ಕಿನಿಂದಲೇ ತನ್ನ ಮೈ ತಿಕ್ಕಿಸಿಕೊಳ್ಳುವ ಲೋಹವಿದು.

ಜಗಲಿಯ ಮೇಲೆ ಕೂತು ಉಜ್ಜುತ್ತಿದ್ದರೆ ಹೋಗಿಬರುವವರ ಸಲಹೆಗೆ ಬರವಿಲ್ಲ. ಹಾಲಿನವನು ಕೋಲ್ಗೇಟ್ ಪುಡಿ ಎಂದ. ಪೇಪರಿನ ಹುಡುಗ ಕಪ್ಪು ಬಣ್ಣ ಬಳಿಸಿಬಿಡಿ ಅಂಕಲ್, ಈಗ ಅದೇ ಟ್ರೆಂಡ್ ಎಂದ. ನನ್ನ ಉಗುರಿನ ಸಂದಿಗೆ ಸೇರಿದ ಕರೀ ಮಸಿಯನ್ನು ನೋಡಿದರೆ ಟ್ರೆಂಡು ಆಗಲೇ ಶುರುವಾಗಿತ್ತು.

ಕೈಯಲ್ಲಿ ಆಗುವಷ್ಟು ಆದ ಮೇಲೆ ಬಫಿಂಗ್ ಅಂಗಡಿ. ಬುಲೆಟ್ಟಿನ ಸೈಲೆನ್ಸರು, ಮೆಟ್ಟಿಲಿನ ಸ್ಟೀಲ್ ಕಂಬಿ, ಹಿತ್ತಾಳೆ ದೀಪ, ಎಲ್ಲಕ್ಕೂ ಅಲ್ಲಿ ಒಂದೇ ಮೋಟರು. ಅದರ ತುದಿಗೆ ಬಟ್ಟೆಯ ಪದರಗಳನ್ನು ಹೊಲಿದ ಗಾಲಿ. ತಿರುಗುವ ಗಾಲಿಗೆ ಬಫ್ ಸೋಪಿನ ಗಟ್ಟಿಯನ್ನು ಒಂದು ಸಲ ಒತ್ತಿ, ಆಮೇಲೆ ರಿಮ್ಮನ್ನು ಒಡ್ಡುತ್ತಾರೆ. ಒಡ್ಡುವುದು ಗಾಲಿಯ ಕೆಳಭಾಗಕ್ಕೇ ಹೊರತು ಎದುರಿಗಲ್ಲ. ಅಂಚು ಸಿಕ್ಕಿಹಾಕಿಕೊಂಡರೆ ಐದಾರು ಕೆಜಿಯ ರಿಮ್ಮು ಎದೆಗೆ ಹಾರಿಬರುತ್ತದೆ. ಮೊದಲು ಕರೀ ಬೆವರಿನಂಥ ಜಿಡ್ಡು ಹರಡುತ್ತದೆ, ನೋಡಿದವರು ಕೆಲಸ ಕೆಟ್ಟಿತೆಂದೇ ತಿಳಿಯಬೇಕು. ಇನ್ನೆರಡು ಸುತ್ತಿಗೆ ಜಿಡ್ಡು ಸರಿದು, ಅದರ ಹಿಂದಿನಿಂದ ಟ್ಯೂಬ್‌ಲೈಟು, ಗೋಡೆಯ ಕ್ಯಾಲೆಂಡರು, ಬಫಿಂಗಿನವನ ಮುಖ ಒಂದೊಂದಾಗಿ ರಿಮ್ಮಿನಲ್ಲಿ ಮೂಡುತ್ತವೆ. ಆ ಮುಖದಲ್ಲಿ ಬಿಳಿಯಾಗಿದ್ದದ್ದು ಹಲ್ಲು ಮಾತ್ರ. ಪಕ್ಕದ ಪೊಟ್ಟಣದಿಂದ ನರ್ಗಿಸ್ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದವನು ಬೀಡಿಯನ್ನು ಮಾತ್ರ ಬೀದಿಗೆ ಹೋಗಿ ಸೇದಿ ಬಂದ. ಶಿಸ್ತು ಎಂದುಕೊಂಡೆ. ಶಿಸ್ತಲ್ಲ, ವಿವೇಕ: ಸಣ್ಣಗಿನ ಅಲ್ಯುಮಿನಿಯಂ ಧೂಳಿಗೆ ಕಿಡಿ ತಗುಲಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಕಬ್ಬಿಣ ಗ್ರೈಂಡ್ ಮಾಡುವ ಮೂಲೆಯಲ್ಲಿ ಈ ಕೆಲಸ ಮಾಡುವುದಿಲ್ಲ ಎಂದೂ ಹೇಳಿದ.

ಮೂರು ರಿಮ್ಮು ಅಲ್ಲಿಗೆ ಮುಗಿದವು. ನಾಲ್ಕನೆಯದರ ಅಂಚಿನ ಗೀರು ಆಳ, ಬಫಿಂಗಿಗೆ ಬಗ್ಗಲಿಲ್ಲ. "ಇದಕ್ಕೆ ಲೇತೇ ಆಗ್ಬೇಕು, ಹರಿಹರಕ್ಕೆ ಹೋಗ್ರಿ" ಎಂದ.

ಹರಿಹರ ಸುಮಾರು 14 ಕಿಲೋಮೀಟರ್. ಲೇತಿನ ಕೆಲಸಕ್ಕೆ ಹರಿಹರ ಎಂದರೆ ವೇದಕ್ಕೆ ಕಾಶಿ ಎಂದಂತೆ ಕೇಳಿಸುತ್ತಿದ್ದ ಕಾಲವೊಂದಿತ್ತು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ, ಆ ಜಾಗದ ಹೆಸರೇ ಯಂತ್ರಪುರ ಎಂದಾಯಿತು. ಅಲ್ಲಿ ತಯಾರಾದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪು, ಐಟಿಐಗಳಲ್ಲಿ ಇನ್ನೂ ತಿರುಗುತ್ತಿವೆ. ತಯಾರಿಸಿದ ಕಾರ್ಖಾನೆ ಮಾತ್ರ ಈ ಶತಮಾನದ ಶುರುವಿನಲ್ಲೇ ನಿಂತುಹೋಯಿತು. ಕೈ ನಿಲ್ಲಲಿಲ್ಲ. ಹರಿಹರದ ಓಣಿಗಳಲ್ಲಿ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಒಂದು ಲೇತು, ಪಕ್ಕದಲ್ಲಿ ಒಂದು ತುಳಸಿಕಟ್ಟೆ, ಇಂಥ ದೃಶ್ಯ ಅಪರೂಪವಲ್ಲ. ಇನ್ನೂ ಹಿಂದಕ್ಕೆ ಹೋಗುವವರು ಹರಿಹರೇಶ್ವರನ ಗುಡಿಗೇ ಹೋಗಬಹುದು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಅಲ್ಲಿಯ ಬಳಪದ ಕಲ್ಲಿನ ಕಂಬಗಳನ್ನು ತಿರುಗಿಸಿ ಕಡೆದು, ಬಳೆ ಬಳೆಯಾಗಿ ನಯ ಮಾಡಿದ್ದಾರೆ. ಎಂಟುನೂರು ವರ್ಷವಾದರೂ ಕೈಯಾಡಿಸಿದರೆ ಜಾರುತ್ತದೆ. ಲ್ಯಾಕರ್ ಇಲ್ಲ, ಗ್ಯಾರಂಟಿ ಕಾರ್ಡಿಲ್ಲ. ನನ್ನ ರಿಮ್ಮು ಎಂಥ ಪರಂಪರೆಯ ಬಾಗಿಲು ತಟ್ಟುತ್ತಿದೆ ಎಂದು ದಾರಿಯುದ್ದಕ್ಕೂ ಭಾವಮೈದನಿಗೆ ವಿವರಿಸಿದೆ. ಅವನು ನಿದ್ದೆ ಮಾಡುತ್ತಿದ್ದ.

ಟರ್ನರ್ ಯಜಮಾನರು ರಿಮ್ಮನ್ನು ಇಸಿದುಕೊಂಡವರೇ ಮುಂಭಾಗ ನೋಡಲೇ ಇಲ್ಲ. ಮಗುಚಿ ಹಾಕಿ ಹಿಂಬದಿ ನೋಡಿದರು. ಕಡ್ಡಿಯ ಬುಡಕ್ಕೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. "ಮೇಷ್ಟ್ರೇ, ನೀವು ಮುಖ ನೋಡಿ ತಂದೀರಿ. ಭಾರ ಹೊರೋದು ಬೆನ್ನು." ಅಂಚು ಸ್ವಲ್ಪ ಡೊಂಕಾಗಿದ್ದರೆ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಮೆಲ್ಲಗೆ ತಳ್ಳಬಹುದಂತೆ. ಕಡ್ಡಿಯಲ್ಲಿ ಬಿರುಕು ಕಂಡರೆ ವೆಲ್ಡಿಂಗಿನವನು ಎಷ್ಟೇ ಜಾಣನಿರಲಿ, ಮುಟ್ಟಬಾರದಂತೆ. ಕಾರಣವನ್ನೂ ಹೇಳಿದರು. ಇದು ಬರೀ ಅಲ್ಯುಮಿನಿಯಂ ಅಲ್ಲ. ನೂರಕ್ಕೆ ಏಳು ಪಾಲು ಸಿಲಿಕಾನ್, ಚಿಟಿಕೆ ಮೆಗ್ನೀಸಿಯಂ ಬೆರೆಸಿ ಎರಕ ಹೊಯ್ದದ್ದು. ಎರಕದ ಮೇಲೆ 540 ಡಿಗ್ರಿಯ ಹತ್ತಿರ ಕಾಯಿಸಿ, ನೀರಿಗೆ ಅದ್ದಿ, ಮತ್ತೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಹದ ಕೊಡುತ್ತಾರೆ. ರಸ್ತೆ ಬದಿಯಲ್ಲಿ ಗ್ಯಾಸ್ ಬತ್ತಿ ಹಿಡಿದು ಕಾಯಿಸಿದವನು ಆ ಹದವನ್ನು ಕಿತ್ತುಕೊಂಡ ಎಂದೇ ಅರ್ಥ. "ನೋಡಾಕೆ ಹಂಗೇ ಇರ್ತೈತಿ. ಗುಂಡಿಗೆ ಬಿದ್ದಾಗ ಗೊತ್ತಾಗ್ತೈತಿ."

ಲೇತಿನ ಮುಂದಿನ ತಟ್ಟೆಗೆ ನಾಲ್ಕು ಬೋಲ್ಟು ಕೊಟ್ಟು ರಿಮ್ಮನ್ನು ಕೂರಿಸಿದರು. ನಮ್ಮದು 14 ಇಂಚಿನ ರಿಮ್ಮು ಎಂದು ಭಾವಮೈದ ಬಾಯಿ ಹಾಕಿದ. ಯಜಮಾನರು ಟೇಪು ಹಿಡಿದು ತೋರಿಸಿದರು: ಅಂಚಿನಿಂದ ಅಂಚಿಗೆ 15 ದಾಟಿತ್ತು. ಹದಿನಾಲ್ಕು ಎಂಬುದು ಟೈರು ಕೂರುವ ಒಳಜಾಗದ ಲೆಕ್ಕ. ಡಯಲ್ ಗೇಜಿನ ಮುಳ್ಳನ್ನು ಅಂಚಿಗೆ ತಾಗಿಸಿ ಕೈಯಿಂದ ಒಂದು ಸುತ್ತು ತಿರುಗಿಸಿದರು; ಮುಳ್ಳು ಅಲ್ಲಾಡಿದ ಕಡೆ ಬೋಲ್ಟಿನ ಕೆಳಗೆ ತೆಳು ತಗಡು ತುರುಕಿದರು. ಮುಳ್ಳು ಸುಮ್ಮನಾಗುವವರೆಗೂ ಇದೇ ಪೂಜೆ. ಆಮೇಲೆ ಮೋಟರು ಹಾಕಿ, ಬ್ರಶ್ಶಿನಲ್ಲಿ ಸೀಮೆಎಣ್ಣೆ ಸವರುತ್ತ ಟೂಲು ಕೊಟ್ಟರು. ಅಲ್ಯುಮಿನಿಯಂ ಟೂಲಿಗೇ ಅಂಟಿಕೊಳ್ಳುವ ಜಾತಿ. ಸೀಮೆಎಣ್ಣೆ ಅದನ್ನು ಬಿಡಿಸುತ್ತದೆ. ಕೂದಲೆಳೆಯ ದಪ್ಪದ ಬೆಳ್ಳಿ ಸುರುಳಿ ಎದ್ದು ಎದ್ದು ಕೆಳಗಿನ ಟ್ರೇಗೆ ಬಿತ್ತು. ಗೀರು ಮಾಯವಾಯಿತು. ಇನ್ನೊಂದು ಪದರ ತೆಗೆದರೆ ಇನ್ನೂ ಥಳಥಳ ಅನ್ನುತ್ತದಲ್ಲವೇ ಎಂದು ಕೇಳಿದೆ. ಅವರು ಮೋಟರು ಆರಿಸಿದರು.

"ಹೊಳಪು ಅಂದ್ರೆ ಮೇಲೆ ಹಚ್ಚೋದು ಅಂತ ತಿಳ್ಕಂಡೀರಿ. ಇದು ತೆಗೆಯೋ ಕೆಲ್ಸ. ಎಷ್ಟು ಸಲ ಹೊಳೀತೈತೋ ಅಷ್ಟು ಸಲ ತೆಳ್ಳಗಾಗ್ತೈತಿ. ಸಾಕು ಅನ್ನೋದು ಗೊತ್ತಿಲ್ದಿದ್ರೆ ಟರ್ನರ್ ಆಗಬಾರ್ದು."

ಶೋರೂಮಿನವರು ಡೈಮಂಡ್ ಕಟ್ ಎಂದು ಮೆರೆಸುವುದೂ ಇದೇ, ಕಂಪ್ಯೂಟರ್ ಲೇತಿನಲ್ಲಿ ಮುಖದ ತಿರುವಿಗೆ ತಕ್ಕಂತೆ ಒಂದು ಪದರ ಹೆರೆಯುವುದು. ಒಂದೆರಡು ಸಲಕ್ಕಿಂತ ಹೆಚ್ಚು ಅದೂ ತಡೆಯದು.

ಮುಂದಿನದೆಲ್ಲ ಬೇಗ ಆಯಿತು. ಬರೀ ಪಾಲಿಶ್ ಮಾಡಿ ಬಿಟ್ಟರೆ ಕೆಲವೇ ವಾರಕ್ಕೆ ಮಬ್ಬು ಕವಿಯುತ್ತದೆ, ಆದ್ದರಿಂದ ಪೇಂಟಿನವರಲ್ಲಿ ಲ್ಯಾಕರ್ ಹೊಡೆಸಬೇಕು. ಟೈರು ಕೂರುವ ಜಾಗಕ್ಕೆ ಬಣ್ಣ ದಪ್ಪಗೆ ಬೀಳಬಾರದು, ಬಿದ್ದರೆ ಗಾಳಿ ಸೋರುತ್ತದೆ. ಟೈರು ಹಾಕಿದ ಮೇಲೆ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡಿದರೆ ತಿಳಿಯುತ್ತದೆ. ಬ್ಯಾಲೆನ್ಸಿಂಗಿನ ತೂಕವನ್ನು ಅಂಚಿಗೆ ಕ್ಲಿಪ್ ಹೊಡೆಯುವ ಬದಲು ಒಳಬದಿಗೆ ಅಂಟಿಸಲು ಹೇಳದಿದ್ದರೆ, ಅಷ್ಟು ದಿನ ಉಜ್ಜಿದ್ದಕ್ಕೆ ಅಲ್ಲೇ ಮೊದಲ ಗೀರು.

ಆಯುಧಪೂಜೆಯ ದಿನ ನನ್ನಾಕೆ ಕನ್ನಡಿಯಂಥ ಆ ನಾಲ್ಕು ಚಕ್ರಗಳಿಗೆ ಮೂರು ಮೂರು ಬೆರಳಿನ ವಿಭೂತಿ ಪಟ್ಟೆ ಎಳೆದಳು. 2000 ನಂಬರಿನ ಕಾಗದ ತಂದ ಹೊಳಪಿನ ಮೇಲೆ ಒದ್ದೆ ಬೂದಿ! ನಾನು ಬಾಯಿ ತೆರೆಯುವಷ್ಟರಲ್ಲಿ, "ದೇವ್ರ ಸಾಮಾನು ಬೆಳಗಿದ ಮೇಲೂ ವಿಭೂತಿ ಹಚ್ತೀವಲ್ಲ" ಎಂದಳು. ಅಕ್ಕಪಕ್ಕದವರು ಮಾತ್ರ ನಿಂತು ನೋಡಿದರು. ಎದುರು ಮನೆಯವರು, "ಹೊಸಾವ್ ತಗಂಡ್ರೇನ್ರೀ?" ಎಂದು ಕೇಳಿದರು. ಹೌದೆಂದೂ ಅನ್ನದೆ ಅಲ್ಲವೆಂದೂ ಅನ್ನದೆ ಪ್ರಸಾದ ಕೊಟ್ಟೆ. ಒಟ್ಟು ಖರ್ಚಿನ ಲೆಕ್ಕವನ್ನು ಭಾವಮೈದ ಎಲ್ಲರೆದುರಿಗೆ ಬಾಯಲ್ಲೇ ಕೂಡಿಸಿದ. ಹೊಸದಕ್ಕಿಂತ ಕಡಿಮೆಯೇ ಇತ್ತು, ಉಜ್ಜಿದವನ ಕೂಲಿ ಸೇರಿಸದಿದ್ದರೆ.

ಹಳೇ ಅಲಾಯ್ ಕೊಳ್ಳಲು ಹೊರಟವರಿಗೆ ಇಷ್ಟು ಹೇಳುತ್ತೇನೆ. ಮುಖ ಹೇಗೂ ಹೊಳೆಸಬಹುದು, ಹಿಂಬದಿ ನೋಡಿ ತನ್ನಿ. ಕೆಲವು ಅಲಾಯ್‌ಗಳ ನಟ್ಟು ಬೇರೆ. ಹಳೇ ನಟ್ಟುಗಳನ್ನು ಗುಜರಿಗೆ ಕೊಡದೆ ಡಿಕ್ಕಿಯಲ್ಲಿಡಿ. ಐದನೆಯ ಅಲಾಯ್ ಯಾರೂ ಕೊಳ್ಳುವುದಿಲ್ಲವಾದ್ದರಿಂದ ಸ್ಟೆಪ್ನಿ ಅದೇ ಕಪ್ಪು ಕಬ್ಬಿಣದ್ದಾಗಿರುತ್ತದೆ. ತಿಂಗಳಿಗೊಮ್ಮೆ ಅದಕ್ಕೂ ಗಾಳಿ ಹೊಡೆಸಿ.